"ಏನಾದರೂ ಬೇಕಿದ್ದರೆ ಹೇಳಿ" ಎನ್ನುವ ಬದಲು: ಕರುಣೆಯನ್ನು ಕೆಲಸಕ್ಕೆ ಇಳಿಸುವ ಬಗೆ

ಭಾನುವಾರದ ಆರಾಧನೆ ಮುಗಿದು ಹೊರಬರುವಾಗ "ಏನಾದರೂ ಬೇಕಿದ್ದರೆ ಹೇಳಿ, ಪ್ರಾರ್ಥನೆ ಮಾಡ್ತೀವಿ" ಎಂಬ ಮಾತು ಧಾರಾಳವಾಗಿ ಕೇಳಿಬರುತ್ತದೆ. ಕಷ್ಟದಲ್ಲಿರುವವರಿಗೆ ಇದರಿಂದ ಪ್ರಯೋಜನ ಕಡಿಮೆ. ಏನು ಬೇಕೆಂದು ಯೋಚಿಸುವುದೂ ಬಾಯಿಬಿಟ್ಟು ಕೇಳುವುದೂ ಅವರ ತಲೆಗೇ ಬೀಳುತ್ತದೆ. ಹಾಗಾಗಿ ಬಹಳ ಮಂದಿ ಕೇಳುವುದೇ ಇಲ್ಲ.

ಬೈಬಲಿನ ಲೂಕ 10ನೇ ಅಧ್ಯಾಯದಲ್ಲಿ, ಕಳ್ಳರ ಹೊಡೆತಕ್ಕೆ ಸಿಕ್ಕಿ ದಾರಿಯಲ್ಲಿ ಬಿದ್ದಿದ್ದವನಿಗೆ ನೆರವಾದ ಸಮಾರ್ಯದವನ ಕಥೆಯನ್ನು ಗಮನವಿಟ್ಟು ಓದಿ. ಕನಿಕರಪಟ್ಟ ಎನ್ನುವುದಕ್ಕೆ ಅಲ್ಲಿ ಒಂದೇ ಮಾತು, ಉಳಿದದ್ದೆಲ್ಲ ಕೆಲಸ. ಹತ್ತಿರ ಹೋದ, ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ತನ್ನ ವಾಹನಪಶುವಿನ ಮೇಲೆ ಕೂರಿಸಿ ಛತ್ರಕ್ಕೆ ಒಯ್ದು ಆರೈಕೆ ಮಾಡಿದ. ಮರುದಿನ ಛತ್ರದವನಿಗೆ ಎರಡು ದಿನಾರಿ, ಅಂದರೆ ಹೆಚ್ಚುಕಡಿಮೆ ಎರಡು ದಿನದ ಕೂಲಿ, ಕೊಟ್ಟು, ಹೆಚ್ಚಿಗೆ ಖರ್ಚಾದರೆ ಮರಳಿ ಬಂದಾಗ ತೀರಿಸುತ್ತೇನೆ ಎಂದ. ಪ್ರಯಾಣವನ್ನೇನೂ ಕೈಬಿಡಲಿಲ್ಲ. ತನ್ನಿಂದ ಆದಷ್ಟು ಮಾಡಿ, ಮಿಕ್ಕದ್ದನ್ನು ಒಬ್ಬರಿಗೆ ವಹಿಸಿ, ಮತ್ತೆ ಬರುವ ಮಾತು ಕೊಟ್ಟ.

ಸಹಾಯ ಮಾಡುತ್ತೇವೆ ಎಂದು ಹೇಳುವಾಗಲೂ ಹಾಗೆಯೇ ಕೆಲಸ, ದಿನ, ಹೊತ್ತು ಮೂರನ್ನೂ ಹೇಳಿ: "ಗುರುವಾರ ಸಂಜೆ 5ರಿಂದ 7ರವರೆಗೆ ಮಕ್ಕಳು ನಮ್ಮ ಮನೆಯಲ್ಲಿರಲಿ, ಆಗಬಹುದಾ?" ಹೂಂ ಅಥವಾ ಬೇಡ ಎಂದರೆ ಸಾಕು, ಅವರು ವಿವರಿಸಬೇಕಿಲ್ಲ. ಬೇಡ ಎಂದರೆ ಒತ್ತಾಯಿಸಬೇಡಿ. ಸಾವಾದ ಮನೆಗೆ ಮೊದಲ ವಾರ ಜನ ತುಂಬಿರುತ್ತಾರೆ, ತಿಂಗಳು ಕಳೆಯುವಷ್ಟರಲ್ಲಿ ಬಾಗಿಲು ತಟ್ಟುವವರಿರುವುದಿಲ್ಲ. ಆರನೇ ವಾರದ ಒಂದು ದಿನವನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ.

ರೋಗಿಯನ್ನು ನೋಡಲು ಹೋಗುವ ಮುನ್ನ ಫೋನ್ ಮಾಡಿ. ಹಾಸಿಗೆಯ ಮೇಲಲ್ಲ, ಕುರ್ಚಿಯಲ್ಲಿ ಕುಳಿತುಕೊಳ್ಳಿ. 15–20 ನಿಮಿಷ ಸಾಕು. ಇದೇ ಕಾಯಿಲೆಯಿಂದ ಸತ್ತವರ ಕಥೆ ಬೇಡವೇ ಬೇಡ. ಪ್ರಾರ್ಥಿಸಲೇ ಎಂದು ಕೇಳಿ, ಒಪ್ಪಿದರೆ ಅವರ ಹೆಸರೆತ್ತಿ ನಾಲ್ಕೇ ವಾಕ್ಯದಲ್ಲಿ ಮುಗಿಸಿ. ಕೇಳುವವರಿಗೆ ದಣಿವಾದರೆ ಪ್ರಾರ್ಥನೆಯೂ ಭಾರವೇ. ಇನ್ನು "ಇದು ದೇವರ ಚಿತ್ತ" ಎಂಬ ಸಮಾಧಾನ ಹೇಳಬೇಡಿ: ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಸುಮ್ಮನೆ ನೆಲದ ಮೇಲೆ ಅವನ ಜೊತೆ ಕುಳಿತಿದ್ದರು. ಕೆಟ್ಟದ್ದು ಅವರು ಕಾರಣ ವಿವರಿಸಲು ಹೊರಟ ಮೇಲೆ.

ಹಣದ ವಿಷಯದಲ್ಲಿ ಕೊಡುವ ಮೊದಲೇ ಮನಸ್ಸಿನಲ್ಲಿ ತೀರ್ಮಾನವಾಗಿರಬೇಕು, ಇದು ಸಾಲವೋ ಕೊಡುಗೆಯೋ ಎಂದು. ಬಾಯಲ್ಲಿ ಕೊಡುಗೆ, ಮನಸ್ಸಿನಲ್ಲಿ ಸಾಲ ಎಂದಾದರೆ ಸಂಬಂಧ ಹಳಸುತ್ತದೆ. ವಾರವಾರ ಸ್ವಲ್ಪ ತೆಗೆದಿಡುವ ರೂಢಿಯನ್ನು ಅಪೊಸ್ತಲ ಪೌಲನೇ ಕೊರಿಂಥದ ಸಭೆಯವರಿಗೆ ಹೇಳಿದ್ದಾನೆ (1 ಕೊರಿಂಥ 16:2). ಹಾಗೆ ತೆಗೆದಿಟ್ಟದ್ದಿದ್ದರೆ ಯಾರಾದರೂ ಕೇಳಿದಾಗ ತಡಬಡಾಯಿಸಬೇಕಿಲ್ಲ, ಮುಗಿದಿದ್ದರೆ "ಈ ತಿಂಗಳು ಆಗುವುದಿಲ್ಲ" ಎಂದು ನೇರವಾಗಿ ಹೇಳಲೂಬಹುದು. ಕೊಡುವ ರೀತಿಗೆ ಬೈಬಲಿನ ಹೊಲದೊಡೆಯ ಬೋವಜನೇ ಗುರು: ಹೊಲದಲ್ಲಿ ತೆನೆ ಆಯಲು ಬಂದ ಬಡ ವಿಧವೆ ರೂತಳು ನಾಚಿಕೆಪಡದೆ ಆಯ್ದುಕೊಳ್ಳಲೆಂದು ಸಿವುಡುಗಳಿಂದ ಬೇಕೆಂದೇ ತೆನೆ ಬೀಳಿಸಿರೆಂದು ಆಳುಗಳಿಗೆ ಹೇಳಿದ. ಫೋಟೋ ತೆಗೆಯುವುದು, ಸಭೆಯಲ್ಲಿ ಸಾಕ್ಷಿ ಹೇಳುವಾಗ ನೆರವು ಪಡೆದವರ ಹೆಸರೆತ್ತುವುದು ಇದಕ್ಕೆ ತದ್ವಿರುದ್ಧ. "ಮುಂದಿನ ವಾರ ಸಭೆಗೆ ಬನ್ನಿ" ಎಂಬ ಷರತ್ತು ಸೇರಿಸಿದರಂತೂ ಅದು ವ್ಯಾಪಾರ.

ಹೊರಗಿನವರಿಗಿಂತ ಮನೆಯವರಿಗೆ ಕರುಣೆ ತೋರುವುದು ಕಷ್ಟ. ಮತ್ತಾಯ 18ರ ಸಾಮ್ಯದಲ್ಲಿ, ತನ್ನ ದೊಡ್ಡ ಸಾಲವನ್ನು ಅರಸ ಮನ್ನಾ ಮಾಡಿದರೂ ಒಬ್ಬ ಆಳು ಜೊತೆಯ ಆಳಿನ ಸಾಲ ಬಿಡುವುದಿಲ್ಲ. ಆ ಸಾಲ ನೂರು ದಿನಾರಿ, ಮೂರು ತಿಂಗಳಿಗೂ ಮೀರಿದ ಕೂಲಿ. ಸಣ್ಣ ಮೊತ್ತವಲ್ಲ. ಹಾಗೆಯೇ ನಿಮಗಾದ ನೋವನ್ನೂ "ಅದೇನು ಮಹಾ" ಎಂದು ತಳ್ಳಿಹಾಕಬೇಕಿಲ್ಲ, ಇಷ್ಟು ನೋವಾಯಿತು ಎಂದು ಹೇಳಿಯೇ ಕ್ಷಮಿಸಿ. ಜಗಳದಲ್ಲಿ ಇವತ್ತಿನ ತಪ್ಪನ್ನಷ್ಟೇ ಮಾತಾಡಿ, ಸಿಟ್ಟಿನಲ್ಲಿ ಬರೆದ ಮೆಸೇಜನ್ನು ಬೆಳಗ್ಗೆವರೆಗೂ ಕಳಿಸಬೇಡಿ. ಹೊಡೆತ, ಬೆದರಿಕೆ ಇದ್ದಲ್ಲಿ ಮಾತ್ರ ಲೆಕ್ಕ ಬೇರೆ: ಮೊದಲು ಸುರಕ್ಷಿತ ಜಾಗಕ್ಕೆ ಹೋಗಬೇಕು, ದೂರು ಕೊಡಬೇಕು. ಕ್ಷಮೆಯ ಹೆಸರಿನಲ್ಲಿ ಅಲ್ಲೇ ಇರು ಎನ್ನುವುದು ಹೊಡೆಯುವವನಿಗೆ ಮಾಡುವ ಉಪಕಾರ.

ಒಂದೇ ಸಲಕ್ಕೆ ಎರಡು ಮನೆಗಿಂತ ಹೆಚ್ಚು ಹಚ್ಚಿಕೊಳ್ಳಬೇಡಿ. ಜನರ ಗುಂಪು ಹುಡುಕಿ ಬರುತ್ತಿದ್ದಾಗಲೂ ಯೇಸು ಏಕಾಂತಕ್ಕೆ ಹೋಗುತ್ತಿದ್ದನು (ಲೂಕ 5:16). ನಿಮ್ಮಿಂದ ಆಗದ ದಿನ ಸದ್ದಿಲ್ಲದೆ ತಪ್ಪಿಸಿಕೊಳ್ಳದೆ ಸಭೆಯ ಇನ್ನೊಬ್ಬರಿಗೆ ಒಪ್ಪಿಸಿ: ಔಷಧಿ ಯಾವ ಹೊತ್ತಿಗೆ, ಬೀಗದ ಕೈ ಯಾರ ಬಳಿ, ಯಾವ ಮಾತೆತ್ತಿದರೆ ಅವರು ಅಳುತ್ತಾರೆ, ನೀವು ಮತ್ತೆ ಬರುವುದು ಯಾವತ್ತು.