ನಳದ ತುಂಡು ಹಿಡಿದು ಬಂದವರಿಗೆ ಹೇಳುವವರು ಬೇಕು

ನಮ್ಮ ಅಂಗಡಿಗೆ ಬರುವ ಬಹಳ ಜನ ಕೈಯಲ್ಲಿ ಏನಾದರೂ ಹಿಡಿದುಕೊಂಡೇ ಬರುತ್ತಾರೆ. ಪೇಪರಿನಲ್ಲಿ ಸುತ್ತಿದ ಹಳೇ ನಳದ ತುಂಡು, ಒಡೆದ ಟೈಲ್ಸಿನ ಚೂರು, ಗೌಂಡಿ ಬರೆದುಕೊಟ್ಟ ಚೀಟಿ. ಒಳಗೆ ಬಂದ ಕೂಡಲೇ ಅವರ ಕಣ್ಣು ಒಬ್ಬ ಮನುಷ್ಯನನ್ನು ಹುಡುಕುತ್ತದೆ. ಆ ತುಂಡು ನೋಡಿ "ಇದಕ್ಕ ಇದು ಬರ್ತದ" ಅಂತ ಹೇಳಬಲ್ಲವನನ್ನು.

ಕಲಬುರಗಿಯ ರಿಂಗ್ ರೋಡಿನಲ್ಲಿ ಮೂರು ಅಂತಸ್ತಿನ ಅಂಗಡಿ. ಕೆಳಗೆ ಪೈಪು, ನಳ, ವೈರು. ನಡುವೆ ಟೈಲ್ಸ್. ಮೇಲೆ ಬಣ್ಣ, ಪ್ಲೈವುಡ್. ಆರು ವರ್ಷದಿಂದ ನಾನು ಅಲ್ಲಿ ಮ್ಯಾನೇಜರ್. 22 ಜನರ ಪಾಳಿ, ಸೂಟಿ, ಪಗಾರ ಎಲ್ಲ ನಾನೇ ನೋಡುತ್ತೇನೆ.

ಶುರುವಿನಲ್ಲಿ ಖರ್ಚು ಕಡಿಮೆ ಮಾಡಬೇಕು ಅಂತ ಸಂಜೆ ಹೊತ್ತಿಗೆ ಕಾಲೇಜು ಹುಡುಗರನ್ನು ಹಾಕಿಕೊಂಡೆ. ಒಳ್ಳೆಯ ಹುಡುಗರು. ಮಾತು ಚಂದ, ಓಡಾಟ ಚುರುಕು. ಆದರೆ ಪೈಪಿನ ಕೆಲಸ ಯಾರೂ ಮಾಡಿದವರಲ್ಲ. ಒಂದು ದಿನ ಸೋಲಾರ್ ಹೀಟರಿನ ಲೈನಿಗೆ ಸಾಮಾನು ಕೇಳಿದ ಗಿರಾಕಿಗೆ ಒಬ್ಬ ಹುಡುಗ ಸಾದಾ ಪಿವಿಸಿ ಪೈಪು, ಎಲ್ಬೋ ಕಟ್ಟಿಕೊಟ್ಟ. ಸಾದಾ ಪಿವಿಸಿ 60 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ. ಬಿಸಿನೀರಿಗೆ ಸಿಪಿವಿಸಿ ಬೇಕು, ಅದು 93 ಡಿಗ್ರಿವರೆಗೆ ತಡೆಯುತ್ತದೆ. ಅಂಟಿಸುವ ಸಾಲ್ವೆಂಟ್ ಕೂಡ ಬೇರೆ. ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಸೋಲಾರ್ ನೀರು ಎಷ್ಟು ಕಾಯುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಗೋಡೆಯ ಒಳಗೇ ಜೋಡಣೆ ಬಿಟ್ಟುಕೊಂಡಿತು.

ನಾನೇ ಅವರ ಮನೆಗೆ ಹೋದೆ. ಬಾತ್‌ರೂಮಿನ ಗೋಡೆ ಒಡೆಸಿ, ಹೊಸ ಲೈನ್ ಹಾಕಿಸಿ, ಖರ್ಚೆಲ್ಲ ಅಂಗಡಿಯಿಂದಲೇ ಕೊಟ್ಟೆವು. ಆದರೆ ಟೈಲ್ಸ್ ಹಿಂದಿನ ವರ್ಷ ಕೊಂಡದ್ದು. ಅದೇ ಕಂಪನಿ, ಅದೇ ಡಿಸೈನ್ ಇದ್ದರೂ ಬ್ಯಾಚ್ ಬದಲಾದರೆ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಬಂದೇ ಬರುತ್ತದೆ. ನಾಲ್ಕು ಟೈಲ್ಸ್ ಎದ್ದು ಕಾಣುವ ಹಾಗೆ ಉಳಿದವು. "ದಿನಾ ಸ್ನಾನಕ್ಕ ಹೋದಾಗ ನಿಮ್ಮ ಅಂಗಡಿ ನೆನಪಾಗ್ತದ್ರಿ" ಅಂದರು ಅವರು. ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಆ ಹುಡುಗನನ್ನು ನಾನು ಬೈಯಲಿಲ್ಲ. ಅವನನ್ನು ಅಲ್ಲಿ ನಿಲ್ಲಿಸಿದವನು ನಾನು ಅಲ್ವಾ.

ಅಮೆರಿಕದ ಹೋಮ್ ಡಿಪೋ ವಿಷಯ ಓದಿದ್ದು ಇದಾದ ಮೇಲೆ. ಮನೆ ಕಟ್ಟುವ, ರಿಪೇರಿ ಮಾಡುವ ಸಾಮಾನು ಮಾರುವ ದೊಡ್ಡ ಅಂಗಡಿಗಳ ಕಂಪನಿ, 1978ರಲ್ಲಿ ಶುರುವಾದದ್ದು. ಕೈಕೆಲಸ ಬಲ್ಲವರು ಅಂಗಡಿಯಲ್ಲೇ ಸಿಗುತ್ತಾರೆ ಅಂತ ಹೆಸರು ಮಾಡಿತ್ತು. 2000ದ ನಂತರ ಖರ್ಚು ಉಳಿಸಲು ಪಾರ್ಟ್ ಟೈಮ್ ಜನರನ್ನು ಜಾಸ್ತಿ ಮಾಡಿದರು. ಗಿರಾಕಿಗಳ ಬೇಸರವೂ ಜಾಸ್ತಿಯಾಯಿತು. ಅಷ್ಟು ದೊಡ್ಡವರು ಎಡವಿದ ಕಲ್ಲಿಗೇ ನಾನೂ ಎಡವಿದ್ದೆ.

ಆಮೇಲೆ ಒಬ್ಬ ಪ್ಲಂಬರ್ ಕಾಕಾನನ್ನು ಕರೆತಂದೆ. ವಯಸ್ಸು 58. ಮೊಣಕಾಲು ನೋವಿನಿಂದ ಏಣಿ ಹತ್ತುವುದು ಬಿಟ್ಟಿದ್ದರು. ಉಳಿದವರಿಗಿಂತ ತಿಂಗಳಿಗೆ 3,000 ರೂಪಾಯಿ ಜಾಸ್ತಿ ಪಗಾರ ಕೇಳಿದರು. ಸಾಹುಕಾರರು ಒಪ್ಪಲು ಎರಡು ವಾರ ಬೇಕಾಯಿತು. ಕಾಕಾಗೆ ಕಂಪ್ಯೂಟರ್ ಬಿಲ್ಲು ಬರುವುದಿಲ್ಲ, ಅದಕ್ಕೆ ಒಬ್ಬ ಹುಡುಗಿಯನ್ನು ಜೊತೆ ಮಾಡಿದೆ. ಕಾಕಾ ಕನ್ನಡ, ಉರ್ದು, ತೆಲುಗು ಮೂರರಲ್ಲೂ ಮಾತಾಡುತ್ತಾರೆ. ಸೇಡಂ ಕಡೆಯಿಂದ ಬಂದವರು ತೆಲುಗಿನಲ್ಲಿ ಶುರು ಮಾಡಿದರೂ ತಿಳಿಯದೆ ಮುಖ ಮುಖ ನೋಡುವ ಪ್ರಶ್ನೆ ಇಲ್ಲ.

ನಳ ಕೇಳಿದವರಿಗೆ ಅವರ ಮೊದಲ ಮಾತು, "ಬೋರಿನ ನೀರೋ, ಕಾರ್ಪೊರೇಶನ್ ನೀರೋ?" ಬೋರಿನ ಗಡಸು ನೀರಿಗೆ ಒಳಗೆ ಬಿಳಿ ಪೊರೆ ಕಟ್ಟುತ್ತದೆ, ನಳ ಬಿಗಿಯಾಗುತ್ತದೆ. ಎಷ್ಟೋ ಸಲ ಬಿಚ್ಚಿ ತೊಳೆದರೆ ಸಾಕು, ಇಲ್ಲವೇ ಸಣ್ಣ ವಾಷರ್ ಸಾಕು. ಸಾವಿರ ರೂಪಾಯಿಯ ನಳ ಕೊಳ್ಳಲು ಬಂದವರನ್ನು ಕಾಕಾ ವಾಷರ್ ಕೊಟ್ಟು ಕಳಿಸುತ್ತಾರೆ. ಸಾಹುಕಾರರಿಗೆ ಇದು ಸರಿ ಕಾಣಲಿಲ್ಲ. ಅವರು ಕಾಕಾಗೆ ಬೇಡ ಅನ್ನದಂತೆ ನಾನು ತಡೆದೆ. ಹಾಗೆ ಹೋದವರು ಮನೆ ಕಟ್ಟುವಾಗ ಪೂರ್ತಿ ಚೀಟಿ ಹಿಡಿದು ಬಂದದ್ದನ್ನು ಸಾಹುಕಾರರೇ ಗಲ್ಲಾದಲ್ಲಿ ಕೂತು ನೋಡಿದರು.

ಪಾಳಿಯನ್ನೂ ಬದಲಿಸಿದೆ. ಮೊದಲು ಎಲ್ಲರೂ 9:30ಕ್ಕೆ ಬರುತ್ತಿದ್ದರು. ಗೌಂಡಿ, ಪ್ಲಂಬರ್ ಸಾಮಾನು ಕೇಳುವುದು 8 ಗಂಟೆಗೆ. ಬೇಸಿಗೆಯಲ್ಲಿ ಇನ್ನೂ ಬೇಗ, ಮಧ್ಯಾಹ್ನ 42 ಡಿಗ್ರಿಯಲ್ಲಿ ಕೆಲಸ ನಡೆಯುವುದಿಲ್ಲವಲ್ಲ. ಈಗ ಏಳು ಜನ 7:30ಕ್ಕೆ ಬಂದು ನಾಲ್ಕಕ್ಕೆ ಹೋಗುತ್ತಾರೆ. ಉಳಿದವರು 11:30ಕ್ಕೆ ಬರುತ್ತಾರೆ. ತೊಗರಿ ರಾಶಿ ಮುಗಿದ ಮೇಲೆ, ಜನವರಿಯಿಂದ, ಆಳಂದ, ಚಿಂಚೋಳಿ ಕಡೆಯ ರೈತರು ಮನೆ ಕೆಲಸ ಹಿಡಿಯುತ್ತಾರೆ. ಆಗ ಉದ್ದ ಸೂಟಿ ಕೊಡುವುದಿಲ್ಲ. ಶರಣಬಸವೇಶ್ವರ ಜಾತ್ರೆಗೆ, ಉರುಸಿಗೆ ಮಾತ್ರ ತಿಂಗಳ ಮುಂಚೆಯೇ ಪಾಳಿ ಹಂಚುತ್ತೇನೆ.

ಟೈಲ್ಸ್ ಅಂತಸ್ತಿನಲ್ಲಿ ಬೇರೆಯೇ ತೊಂದರೆ ಇತ್ತು. ಅಡುಗೆಮನೆ ಟೈಲ್ಸ್ ಆರಿಸುವುದು ಹೆಂಡತಿ, ನಮ್ಮ ಹುಡುಗರು ಮಾತಾಡುವುದು ಗಂಡನ ಜೊತೆ. ಇಬ್ಬರು ಹೆಣ್ಣುಮಕ್ಕಳನ್ನು ಅಲ್ಲಿಗೆ ಹಾಕಿದೆ. ಬಸ್ಸು ಸಿಗಲಿ ಅಂತ ಅವರನ್ನು 7 ಗಂಟೆಗೇ ಬಿಡುತ್ತೇವೆ. ಪ್ರತಿ ಮಂಗಳವಾರ ಅಂಗಡಿ ತೆರೆಯುವ ಮುಂಚೆ ಅರ್ಧ ಗಂಟೆ ಕಲಿಕೆ ಇರುತ್ತದೆ. ಅಲ್ಲಿ ಟೈಲ್ಸ್ ಲೆಕ್ಕ ಹೇಳಿಕೊಡುತ್ತೇವೆ: 10 ಅಡಿ ಅಗಲ, 12 ಅಡಿ ಉದ್ದದ ರೂಮಿಗೆ 120 ಚದರಡಿ. ಕಟಿಂಗಿನಲ್ಲಿ ಹಾಳಾಗುವುದಕ್ಕೆ ನೂರಕ್ಕೆ 10 ಸೇರಿಸಿದರೆ 132. ಎರಡಡಿ ಟೈಲ್ಸಿನ ನಾಲ್ಕರ ಬಾಕ್ಸಿಗೆ ಸುಮಾರು 16 ಚದರಡಿ, ಅಂದರೆ 9 ಬಾಕ್ಸ್. ಮೇಲೆ ಒಂದು ಬಾಕ್ಸ್ ಅದೇ ಬ್ಯಾಚಿನದು ಮನೆಯಲ್ಲಿಡಿ ಅಂತ ಹೇಳಲೇಬೇಕು. ಆ ನಾಲ್ಕು ಟೈಲ್ಸ್ ನೋಡಿದ ಮೇಲೆ ಮಾಡಿದ ನಿಯಮ ಇದು.

ವಿಭಾಗಕ್ಕೆ ಒಂದೊಂದು ಕಮಿಷನ್ ಇದ್ದದ್ದನ್ನು ಅಂತಸ್ತಿಗೆ ಒಟ್ಟಾಗಿ ಹಂಚಿದೆ. ಇಲ್ಲದಿದ್ದರೆ ಪೈಪಿನವನು ವೈರು ಕೇಳಿದವರಿಗೆ "ಆ ಕಡೆ ಹೋಗ್ರಿ" ಅಂತ ಕೈ ತೋರಿಸಿ ಸುಮ್ನೆ ನಿಲ್ಲುತ್ತಿದ್ದ. ಇದರಿಂದ ಚೆನ್ನಾಗಿ ಮಾರುತ್ತಿದ್ದ ಒಬ್ಬ ಹುಡುಗ ಬೇಸರವಾಗಿ ಬಿಟ್ಟು ಹೋದ. ಅವನ ಲೆಕ್ಕದಲ್ಲಿ ಅವನದು ಸರಿಯೇ. ರ್‍ಯಾಕುಗಳ ನಡುವೆ ಸ್ಟೂಲ್ ಕೂಡ ಹಾಕಿಸಿದೆ. ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ಕೆಲಸಗಾರರು ಕೂರಲು ಕಾನೂನೇ ಬಂತು. ದಿನವಿಡೀ ನಿಂತವರು ಸಂಜೆ ಗಿರಾಕಿ ಜೊತೆ ಸಮಾಧಾನದಿಂದ ಹೇಗೆ ಮಾತಾಡಬೇಕು?

ವೈರಿನ ವಿಭಾಗಕ್ಕೆ ಮಾತ್ರ ಕಾಕಾನಂಥವರು ಇನ್ನೂ ಸಿಕ್ಕಿಲ್ಲ. ಐಟಿಐ ಓದಿದ ಇಬ್ಬರು ಬಂದು ಹೋದರು. ಎಸಿ ಲೈನಿಗೆ 1.5 ಚದರ ಮಿಲಿಮೀಟರಿನ ತೆಳು ವೈರು ಕೇಳುವವರು ಈಗಲೂ ಬರುತ್ತಾರೆ. ಒಂದೂವರೆ ಟನ್ ಎಸಿಗೆ 4 ಚದರ ಮಿಲಿಮೀಟರಿನ ದಪ್ಪ ವೈರು ಹಾಕಿಸಿ ಅಂತ ಕೂತು ವಿವರಿಸಬೇಕು. ಅದಕ್ಕೆ ಶನಿವಾರ, ಭಾನುವಾರ ಸಂಜೆ ಆರರಿಂದ ಎಂಟೂವರೆವರೆಗೆ ಆ ರ್‍ಯಾಕಿನ ಹತ್ತಿರ ನಾನೇ ನಿಲ್ಲುತ್ತೇನೆ.