ಸೇನೆಯಿಂದ ನ್ಯಾಯಪೀಠಕ್ಕೆ: ಟೆಕ್ಸಸ್‌ನಲ್ಲಿ ನನ್ನ ಅನುಭವ

ಅಮೆರಿಕದ ಭೂಸೇನೆಯಲ್ಲಿ ಇಪ್ಪತ್ತು ವರ್ಷ ದುಡಿದು ನಿವೃತ್ತನಾಗಿ, ಟೆಕ್ಸಸ್‌ನ ಫೋರ್ಟ್ ಹುಡ್ ನೆಲೆಯಿಂದ ಹೆಚ್ಚು ದೂರವಿಲ್ಲದ ಚಿಕ್ಕ ಕೌಂಟಿಯೊಂದರಲ್ಲಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಮನೆ ಮಾಡಿದಾಗ ನ್ಯಾಯಪೀಠದ ಯೋಚನೆ ನನಗಿರಲಿಲ್ಲ. ಅಲ್ಲಿ ಜಸ್ಟಿಸ್ ಆಫ್ ದಿ ಪೀಸ್ ಎಂಬ ಕೆಳಹಂತದ ಸ್ಥಳೀಯ ನ್ಯಾಯಾಧೀಶರನ್ನು ಜನರೇ ನಾಲ್ಕು ವರ್ಷಕ್ಕೊಮ್ಮೆ ಆರಿಸುತ್ತಾರೆ, ಅದಕ್ಕೆ ಕಾನೂನು ಪದವಿಯೂ ಬೇಕಿಲ್ಲ ಎಂದು ಕೇಳಿದಾಗ, ಹಾಸನದಲ್ಲಿ ಹುಟ್ಟಿ ಬೆಳೆದ ನನಗೆ ಮೊದಲಿಗೆ ನಂಬಿಕೆಯೇ ಬರಲಿಲ್ಲ.

ಡಿಸೆಂಬರ್‌ನ ಗಡುವಿನೊಳಗೆ 375 ಡಾಲರ್ ಶುಲ್ಕ ಕಟ್ಟಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮಾರ್ಚ್‌ನ ಒಳಚುನಾವಣೆಗೆ, ಅಂದರೆ ಪ್ರೈಮರಿಗೆ, ಅರ್ಜಿ ಸಲ್ಲಿಸಿದೆ. ದೊಡ್ಡ ಕೌಂಟಿಯಾಗಿದ್ದರೆ 1,000 ಡಾಲರ್ ಬೇಕಾಗುತ್ತಿತ್ತು. ಮಾರ್ಚ್‌ವರೆಗಿನ ಸಂಜೆಗಳೆಲ್ಲ ಮನೆಮನೆ ಸುತ್ತುವುದರಲ್ಲೇ ಕಳೆದವು. ಮಾಜಿ ಸೈನಿಕನೆಂದು ಜನ ಗೌರವದಿಂದ ಬಾಗಿಲು ತೆರೆದರು, ಆದರೆ ಕೇಳಿದ್ದು ಮಾತ್ರ ಬಾಡಿಗೆಯ ಬಗ್ಗೆ, ಹಿಂದಿರುಗದ ಮುಂಗಡ ಹಣದ ಬಗ್ಗೆ. ಪ್ರೈಮರಿ ಗೆದ್ದ ನನಗೆ ನವೆಂಬರ್‌ನ ಮುಖ್ಯ ಚುನಾವಣೆಯಲ್ಲಿ ಎದುರಾಳಿ ಇರಲಿಲ್ಲ.

ಮೊದಲ ವರ್ಷದಲ್ಲಿ 80 ಗಂಟೆಗಳ ತರಬೇತಿ ಕಡ್ಡಾಯ, ಆಮೇಲೆ ವರ್ಷಕ್ಕೆ 20 ಗಂಟೆ. 20,000 ಡಾಲರ್‌ವರೆಗಿನ ಸಿವಿಲ್ ದಾವೆಗಳು, ದಂಡವಷ್ಟೇ ಶಿಕ್ಷೆಯಾಗಿರುವ ಅಪರಾಧಗಳು, ಮನೆ ತೆರವಿನ ವ್ಯಾಜ್ಯಗಳು ನಮ್ಮ ಮುಂದೆ ಬರುತ್ತವೆ. ಸಾವಿನ ಕಾರಣ ಪತ್ತೆಹಚ್ಚುವ ಸರ್ಕಾರಿ ವೈದ್ಯಾಧಿಕಾರಿ (ಮೆಡಿಕಲ್ ಎಗ್ಸಾಮಿನರ್) ಇಲ್ಲದ ಕೌಂಟಿಯಾದ್ದರಿಂದ ಅನುಮಾನಾಸ್ಪದ ಸಾವಿನ ವಿಚಾರಣೆಯೂ, ಶವಪರೀಕ್ಷೆ ಬೇಕೇ ಎಂಬ ನಿರ್ಧಾರವೂ ನನ್ನದೇ. ಇರಾಕಿನಲ್ಲಿ ಸಾವನ್ನು ಹತ್ತಿರದಿಂದ ಕಂಡಿದ್ದೆ. ಆದರೂ ರಾತ್ರಿ ಎರಡು ಗಂಟೆಗೆ ಅಪರಿಚಿತರ ಅಡುಗೆಮನೆಯಲ್ಲಿ ನಿಂತು, ಅಳುತ್ತಿರುವ ಮಗಳನ್ನು ತಾಯಿಯ ಔಷಧಗಳ ಬಗ್ಗೆ ಪ್ರಶ್ನಿಸುವುದಕ್ಕೆ ಸೇನೆ ನನ್ನನ್ನು ಅಣಿಗೊಳಿಸಿರಲಿಲ್ಲ.

ನಾನು ಎಡವಲಿದ್ದದ್ದು ಮಾತ್ರ ಬೇರೊಂದು ಕಡೆ. ತೆರವಿನ ಪ್ರಕರಣವೊಂದರಲ್ಲಿ ಬಾಡಿಗೆದಾರ ಹಾಜರಾಗಲಿಲ್ಲ, ಮಾಲೀಕರು ಏಕಪಕ್ಷೀಯ ತೀರ್ಪು ಕೋರಿದರು. ಹಾಜರಿ ತಪ್ಪಿಸುವುದೇ ತಪ್ಪೆಂದು ಎರಡು ದಶಕ ನಂಬಿದ್ದ ನಾನು ಸಹಿಗೆ ಪೆನ್ನು ಎತ್ತಿದ್ದೆ. ಅಷ್ಟರಲ್ಲಿ, ಪ್ರತಿವಾದಿ ಸೇನಾ ಸೇವೆಯಲ್ಲಿದ್ದಾರೆಯೇ ಎಂದು ಪ್ರಮಾಣ ಮಾಡಿ ತಿಳಿಸಬೇಕಾದ ಜಾಗ ಖಾಲಿ ಇರುವುದನ್ನು ಗುಮಾಸ್ತೆ ತೋರಿಸಿದರು. ಆ ಪ್ರಮಾಣಪತ್ರವಿಲ್ಲದೆ ಗೈರುಹಾಜರಾದವರ ವಿರುದ್ಧ ತೀರ್ಪು ಕೊಡಲು, ಸೇವೆಯಲ್ಲಿರುವ ಸೈನಿಕರನ್ನು ರಕ್ಷಿಸುವ ಅಮೆರಿಕದ 2003ರ ಕೇಂದ್ರ ಕಾನೂನು ಬಿಡುವುದಿಲ್ಲ. ರಕ್ಷಣಾ ಇಲಾಖೆಯ ದಾಖಲೆ ನೋಡಿಸಿದಾಗ ಆತ ಸಕ್ರಿಯ ಸೇವೆಯಲ್ಲಿರುವುದು ತಿಳಿಯಿತು. ಆತನ ಪರವಾಗಿ ವಕೀಲರನ್ನು ನೇಮಿಸಿ, ಅವರ ಕೋರಿಕೆಯಂತೆ ವಿಚಾರಣೆಗೆ 90 ದಿನಗಳ ತಡೆ ಕೊಟ್ಟೆ. ಯಾರೂ ಬಾರದ ಪ್ರಕರಣಗಳ ಕಡತಗಳನ್ನು ನಾನೀಗ ಹಿಂದಿನ ದಿನವೇ ಮನೆಗೆ ತರಿಸಿಕೊಂಡು, ಆ ಒಂದು ಪುಟವನ್ನು ಮೊದಲು ಓದುತ್ತೇನೆ.