ಗರ್ಭಿಣಿಯರ ತೂಕ ಎಷ್ಟು ಏರಬೇಕು?

ಗರ್ಭಾವಸ್ಥೆಯಲ್ಲಿ ಎಷ್ಟು ತೂಕ ಹೆಚ್ಚಬೇಕು ಎಂಬುದನ್ನು ಇನ್ನೊಬ್ಬ ಗರ್ಭಿಣಿಯೊಂದಿಗೆ ಹೋಲಿಸಿ ನಿರ್ಧರಿಸುವ ಬದಲು, ಗರ್ಭ ಧರಿಸುವ ಮುನ್ನ ತಮಗಿದ್ದ ಬಿಎಂಐಯನ್ನು (ಕಿಲೋದಲ್ಲಿನ ತೂಕವನ್ನು ಮೀಟರ್‌ನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ) ಆಧಾರವಾಗಿ ಇಟ್ಟುಕೊಳ್ಳುವುದು ಸರಿಯಾದ ಕ್ರಮ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ, ಒಂದೇ ಮಗುವನ್ನು ಹೊತ್ತವರ ಬಿಎಂಐ 18.5ರಿಂದ 24.9ರೊಳಗಿದ್ದರೆ ಒಟ್ಟು 11.5ರಿಂದ 16 ಕಿಲೋ, ಅದಕ್ಕಿಂತ ಕಡಿಮೆಯಿದ್ದರೆ 12.5ರಿಂದ 18 ಕಿಲೋ, 25ರಿಂದ 29.9ರವರೆಗಿದ್ದರೆ 7ರಿಂದ 11.5 ಕಿಲೋ, 30 ಅಥವಾ ಅದಕ್ಕೂ ಹೆಚ್ಚಿದ್ದರೆ 5ರಿಂದ 9 ಕಿಲೋ ಏರಿಕೆ ಸೂಕ್ತ. ಅವಳಿ ಮಕ್ಕಳಿದ್ದರೆ ಲೆಕ್ಕವೇ ಬೇರೆ.

ಇಬ್ಬರ ಊಟ ಮಾಡಬೇಕೆಂಬ ಮಾತನ್ನು ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರಾದರೂ ಅದನ್ನು ಅಕ್ಷರಶಃ ಪಾಲಿಸಬೇಕಾಗಿಲ್ಲ. ಮೊದಲ ಮೂರು ತಿಂಗಳಲ್ಲಿ ಸಾಮಾನ್ಯವಾಗಿ ಹೆಚ್ಚುವರಿ ಆಹಾರದ ಅಗತ್ಯವಿರುವುದಿಲ್ಲ; ಆನಂತರದ ಮೂರು ತಿಂಗಳಲ್ಲಿ ದಿನಕ್ಕೆ ಸುಮಾರು 340 ಕ್ಯಾಲೊರಿ, ಕೊನೆಯ ಮೂರು ತಿಂಗಳಲ್ಲಿ ಸುಮಾರು 450 ಕ್ಯಾಲೊರಿ ಹೆಚ್ಚಿಗೆ ಸಾಕಾಗುತ್ತದೆ. ಆ ಹೆಚ್ಚುವರಿ ಭಾಗವು ಸಿಹಿತಿಂಡಿಯಿಂದಲ್ಲದೆ ಕಾಳು, ಹಾಲು, ಮೊಟ್ಟೆ, ತರಕಾರಿಗಳಿಂದ ಬಂದರೆ ಪ್ರೋಟೀನ್, ಕಬ್ಬಿಣ, ಕ್ಯಾಲ್ಸಿಯಂ ಕೂಡ ದೊರೆಯುತ್ತವೆ. ವಾಂತಿಯಿಂದಾಗಿ ಆರಂಭದಲ್ಲಿ ತೂಕ ಸ್ವಲ್ಪ ಇಳಿಯುವುದು ಅಪರೂಪವೇನಲ್ಲ, ಆದರೆ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು.

ತೂಕ ಹೆಚ್ಚೆನಿಸಿದರೂ ಗರ್ಭಾವಸ್ಥೆಯಲ್ಲಿ ತೂಕ ಇಳಿಸುವ ಪಥ್ಯಕ್ಕೆ ಕೈಹಾಕಬಾರದು. ಕೆಲವೇ ದಿನಗಳಲ್ಲಿ ತೂಕ ಹಠಾತ್ತನೆ ಏರಿ, ಮುಖ ಹಾಗೂ ಕೈಗಳು ಊದಿಕೊಂಡು, ತೀವ್ರ ತಲೆನೋವು ಅಥವಾ ಕಣ್ಣು ಮಂಜಾಗುವಿಕೆ ಕಾಣಿಸಿಕೊಂಡರೆ ಅದು ಪ್ರಿಎಕ್ಲಾಂಪ್ಸಿಯಾದ (ಗರ್ಭಿಣಿಯರಲ್ಲಿ ರಕ್ತದೊತ್ತಡ ಅಪಾಯಕಾರಿಯಾಗಿ ಏರುವ ಸಮಸ್ಯೆ) ಲಕ್ಷಣವಾಗಿರಬಹುದಾದ್ದರಿಂದ, ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳಿ.